ಹಸ್ತ ಮಳೆಯನ್ನು ಇಡಿಯಾಗಿ ಎಣಿಸುವ ತಂತ್ರಾಂಶ

ವಿಜಯಪುರ, ಬಸವನಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ ಭಾಗದ ಎರೆಭೂಮಿಯ ನಡುವೆ ಹರಿದು ಕೃಷ್ಣೆಯನ್ನು ಸೇರುವ ಡೋಣಿ ನದಿಯ ಬಗೆಗೆ, ಅದು ತುಂಬಿ ಹರಿದ ವರ್ಷ ಓಣಿ ಓಣಿಗೂ ಜೋಳವಾಗುತ್ತದೆ ಎಂಬರ್ಥದ ನಾಣ್ಣುಡಿಯೊಂದು ಜಿಲ್ಲೆಯಲ್ಲಿ ಬಳಕೆಯಲ್ಲಿದೆ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ನೀರು ಮತ್ತು ಇಳುವರಿಗಳ ಸಂಬಂಧವನ್ನು ಕುರಿತ ಸ್ಪಷ್ಟವಾದ ಪ್ರತಿಪಾದನೆ. ಮಳೆಯ ದಾಖಲೆ ಮತ್ತು ಬೆಳೆಯ ದಾಖಲೆ ಕೈಯಲ್ಲಿದ್ದರೆ ಅದನ್ನು ಪರೀಕ್ಷೆಗೆ ಒಡ್ಡಬಹುದು. ಆದರೆ ಪರೀಕ್ಷೆಗೆ ಮೊದಲೇ ಒಂದು ಪ್ರಶ್ನೆ ಏಳುತ್ತದೆ: ಮಳೆಯನ್ನು ಯಾವ ಅವಧಿಗೆ ಕೂಡಿಸಬೇಕು? ಹವಾಮಾನ ಇಲಾಖೆಯ ಲೆಕ್ಕದಲ್ಲಿ ನೈಋತ್ಯ ಮುಂಗಾರು ಜೂನ್ 1ರಂದು ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ಆಮೇಲಿನ ಮೂರು ತಿಂಗಳ ಮಳೆ ಹಿಂಗಾರಿನ ಖಾತೆಗೆ ಸೇರುತ್ತದೆ. ಇಂಡಿ ಸೀಮೆಯ ರೈತರು ಹಿಂಗಾರಿ ಬಿಳಿಜೋಳವನ್ನು ಬಿತ್ತುವುದು ಉತ್ತರಿ ಮತ್ತು ಹಸ್ತ ಮಳೆಗಳನ್ನು ನೋಡಿಕೊಂಡು. ಹಸ್ತ ಮಳೆ ಸುಮಾರು ಸೆಪ್ಟೆಂಬರ್ 27ಕ್ಕೆ ಹುಟ್ಟಿ ಅಕ್ಟೋಬರ್ 10ರ ಹೊತ್ತಿಗೆ ಮುಗಿಯುವುದರಿಂದ, ಋತುವಾರು ಕೋಷ್ಟಕದಲ್ಲಿ ಒಂದೇ ಮಳೆ ಎರಡು ಕಡೆಗೆ ಹಂಚಿಹೋಗಿ, ಬಿತ್ತನೆಯನ್ನು ನಿರ್ಧರಿಸುವ ಅಂಕಿಯೇ ಕಣ್ಮರೆಯಾಗುತ್ತದೆ.

ಮುಕ್ತ ಸಂಖ್ಯಾಶಾಸ್ತ್ರೀಯ ತಂತ್ರಾಂಶಗಳ ಬೆಲೆ ತಿಳಿಯುವುದು ಇಂಥ ಜಾಗದಲ್ಲಿ. ಅವು ಹಣ ಕೊಡದೆ ಸಿಗುತ್ತವೆ ಎಂಬುದು ಸಣ್ಣ ಸಂಗತಿಯಲ್ಲ, ವಿಶೇಷವಾಗಿ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿಗೆ. ಆದರೂ ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಲೆಕ್ಕದ ಘಟಕವನ್ನು, ಅವಧಿಯನ್ನು, ವಿಧಾನವನ್ನು ಬಳಸುವವರೇ ಗೊತ್ತುಪಡಿಸಿಕೊಳ್ಳುವ ಅಧಿಕಾರವನ್ನು ಅವು ಕೊಡುತ್ತವೆ. ಈ ವರ್ಗದಲ್ಲಿ ಮೊದಲು ಹೆಸರಿಸಬೇಕಾದುದು ಆರ್ ಎಂಬ ಒಂದೇ ಅಕ್ಷರದ ಹೆಸರಿನ ಭಾಷೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ ರೂಪಿಸತೊಡಗಿದ ಎಸ್ ಎಂಬ ಭಾಷೆಯ ಜಾಡಿನಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. 1995ರಲ್ಲಿ ಇದನ್ನು ಗ್ನೂ ಸಾರ್ವಜನಿಕ ಪರವಾನಗಿಯಡಿ, ಅಂದರೆ ಯಾರು ಬೇಕಾದರೂ ಓಡಿಸುವ, ಒಳಗಿನ ಆಕರ ಸಂಕೇತವನ್ನು ಓದುವ, ತಿದ್ದುವ ಮತ್ತು ಹಂಚುವ ಹಕ್ಕುಗಳೊಡನೆ, ಬಿಡುಗಡೆ ಮಾಡಲಾಯಿತು. 2000ದ ಫೆಬ್ರವರಿ 29ರಂದು ಅದರ 1.0.0 ಆವೃತ್ತಿ ಹೊರಬಂತು. ಒಂದು ನಿರ್ದಿಷ್ಟ ಕೆಲಸಕ್ಕೆ ಬೇಕಾದ ಫಂಕ್ಷನ್‌ಗಳನ್ನು, ಅಂದರೆ ಹೆಸರಿಟ್ಟು ಕರೆಯಬಹುದಾದ ಲೆಕ್ಕದ ವಿಧಿಗಳನ್ನು, ಅವುಗಳ ವಿವರಣೆ ಮತ್ತು ಮಾದರಿ ದತ್ತಾಂಶದೊಡನೆ ಒಟ್ಟುಗೂಡಿಸಿದ ಕಟ್ಟಿಗೆ ಪ್ಯಾಕೇಜ್ ಎನ್ನುತ್ತಾರೆ. 1997ರಲ್ಲಿ ಆರಂಭವಾದ ಕ್ರ್ಯಾನ್ ಎಂಬ ಭಂಡಾರದಲ್ಲಿ ಇಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ.

ಹಸ್ತ ಮಳೆಯನ್ನು ಇಡಿಯಾಗಿ ಎಣಿಸುವ ಕೆಲಸಕ್ಕೆ ಈ ಭಂಡಾರದ ಯಾವ ವಿಶೇಷ ಪ್ಯಾಕೇಜೂ ಬೇಕಾಗುವುದಿಲ್ಲ. ಆರ್‌ನ ಮೂಲದಲ್ಲಿಯೇ ಇರುವ ಕಟ್ ಎಂಬ ಫಂಕ್ಷನ್‌ಗೆ ದಿನಾಂಕಗಳ ಸಾಲನ್ನೂ ಆಯಾ ವರ್ಷದ ಪಂಚಾಂಗದಲ್ಲಿ ಸೂರ್ಯ ನಕ್ಷತ್ರ ಬದಲಿಸುವ ದಿನಗಳನ್ನೂ ಒಪ್ಪಿಸಿದರೆ, ದಿನವಹಿ ಮಳೆಯ ದಾಖಲೆ ಮೃಗಶಿರದಿಂದ ಸ್ವಾತಿಯವರೆಗೆ ಮಳೆ ಮಳೆಯಾಗಿ ವಿಂಗಡವಾಗುತ್ತದೆ. ಇಲ್ಲಿ ಒಂದು ಎಚ್ಚರ ಅಗತ್ಯ: ಮಳೆಮಾಪಕದ ಅಳತೆಯನ್ನು ಬೆಳಗಿನ 8.30ಕ್ಕೆ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಿಗೆಂದು ಬರೆಯುವುದರಿಂದ, 27ನೆಯ ತಾರೀಖಿನ ಎದುರಿಗಿರುವ ಮಳೆ ಬಹುಪಾಲು 26ರಂದು ಬಿದ್ದದ್ದು, ಆದುದರಿಂದ ನಕ್ಷತ್ರದ ಗಡಿಯನ್ನು ಒಂದು ದಿನ ಸರಿಸಿಕೊಳ್ಳಬೇಕು. ಮೆನುವಿನಿಂದ ಆಯ್ದುಕೊಳ್ಳುವ ಸಿದ್ಧ ತಂತ್ರಾಂಶಗಳು ತಿಂಗಳ ಮೊತ್ತ, ತ್ರೈಮಾಸಿಕ ಮೊತ್ತಗಳನ್ನು ಸುಲಭವಾಗಿ ಕೊಡುತ್ತವೆ. ಉತ್ತರಿಯ ಮೊತ್ತವನ್ನು ಕೊಡುವ ಗುಂಡಿ ಅವುಗಳಲ್ಲಿ ಇರುವುದಿಲ್ಲ, ಏಕೆಂದರೆ ಅವನ್ನು ರೂಪಿಸಿದವರಿಗೆ ಉತ್ತರಿಯ ಅಗತ್ಯ ಎಂದೂ ಬಿದ್ದಿರಲಿಲ್ಲ.

ಭೂಮಿಯ ಅಳತೆಯಲ್ಲಿ ಇದಕ್ಕಿಂತ ಅಪಾಯಕರವಾದ ತೊಡಕಿದೆ. ಪಹಣಿಯಲ್ಲಿ 3-10 ಎಂದು ಬರೆದಿರುವುದು ಮೂರು ಎಕರೆ ಹತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ದಶಮಾಂಶದಲ್ಲಿ ಅದು 3.25 ಎಕರೆಯಾಗುತ್ತದೆ. ಇದೇ ಬರಹವನ್ನು ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿ ತುಂಬಿದರೆ ತಂತ್ರಾಂಶ ತಾನೇ ಅದನ್ನು ಒಂದು ತಾರೀಖನ್ನಾಗಿ ಬದಲಿಸಿಬಿಡಬಹುದು, ಚುಕ್ಕೆಯಿಟ್ಟು 3.10 ಎಂದು ತುಂಬಿದರೆ ಹತ್ತು ಗುಂಟೆ ಎಕರೆಯ ಹತ್ತನೆಯ ಒಂದು ಭಾಗವಾಗಿ ಎಣಿಕೆಯಾಗುತ್ತದೆ. ಎಕರೆವಾರು ಇಳುವರಿಯ ಲೆಕ್ಕ ಎರಡೂ ರೀತಿಯಲ್ಲಿ ಕೆಡುತ್ತದೆ, ಕೆಟ್ಟದ್ದು ಹೊರಗೆ ಕಾಣುವುದೂ ಇಲ್ಲ. ಆರ್‌ನಲ್ಲಿ ಆ ಕಂಬಸಾಲನ್ನು ಅಕ್ಷರವೆಂದೇ ಓದಿಕೊಂಡು, ಗೆರೆಯ ಎರಡೂ ಬದಿಯನ್ನು ಬಿಡಿಸಿ, ಬಲಬದಿಯನ್ನು ನಲವತ್ತರಿಂದ ಭಾಗಿಸಿ ಕೂಡಿಸುವ ವಿಧಿಯನ್ನು ಎರಡು ಮೂರು ಸಾಲಿನಲ್ಲಿ ಬರೆಯಬಹುದು, ಮತ್ತು ಆ ಸಾಲುಗಳು ಕಡತದಲ್ಲಿ ಉಳಿಯುವುದರಿಂದ ಮುಂದೆ ಬರುವವರು ಪರಿವರ್ತನೆ ಹೇಗಾಯಿತೆಂದು ಓದಿ ತಿಳಿಯಬಹುದು. ಹಾಗೆಯೇ, ಮಳೆ ಬೀಳದ ದಿನದ ಸೊನ್ನೆಯನ್ನೂ ಅಳತೆಯೇ ಆಗದ ದಿನದ ಖಾಲಿ ಮನೆಯನ್ನೂ ಆರ್ ಬೇರೆ ಬೇರೆಯಾಗಿ ಕಾಣುತ್ತದೆ: ಅಳತೆಯಿಲ್ಲದ ಮನೆಗೆ ಎನ್ಎ ಎಂಬ ಗುರುತನ್ನಿಟ್ಟು, ಅಂಥ ಒಂದೇ ಮನೆಯಿದ್ದರೂ ಸರಾಸರಿಯ ಉತ್ತರವನ್ನು ಎನ್ಎ ಎಂದೇ ಕೊಡುತ್ತದೆ, ಆ ದಿನಗಳನ್ನು ಬಿಟ್ಟು ಲೆಕ್ಕ ಮಾಡಬೇಕೆಂದು ಬಳಸುವವರು ಬರೆದು ಹೇಳುವವರೆಗೆ ಮುಂದುವರಿಯುವುದಿಲ್ಲ. ಹೊಸಬರನ್ನು ಕಾಡುವ ಈ ಹಟ ವಾಸ್ತವವಾಗಿ ಆ ಭಾಷೆಯ ಅತ್ಯುತ್ತಮ ಗುಣಗಳಲ್ಲೊಂದು.

ಸಂಬಂಧದ ಪರೀಕ್ಷೆಗೆ ಬಂದಾಗ ಸಾಮಾನ್ಯವಾಗಿ ಮೊದಲು ಎಳೆಯುವುದು ಸರಳರೇಖೆಯನ್ನು. ಮಳೆ ಹೆಚ್ಚಿದಷ್ಟೂ ಇಳುವರಿ ಅದೇ ದರದಲ್ಲಿ ಹೆಚ್ಚುತ್ತದೆ ಎಂಬುದು ಆ ರೇಖೆಯ ಒಳಗಿನ ಊಹೆ. ಎರೆಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆಯೇ ಬೆಳೆಯುವ ಹಿಂಗಾರಿ ಜೋಳಕ್ಕೆ ಈ ಊಹೆ ಒಂದು ಮಿತಿಯವರೆಗೆ ಮಾತ್ರ ಹೊಂದುತ್ತದೆ, ಏಕೆಂದರೆ ತೇವ ಸಾಲದಿದ್ದರೆ ಬಿತ್ತನೆಯಾಗದು, ಡೋಣಿಯ ನೀರು ತಾಳಿಕೋಟೆಯ ಸುತ್ತ ಹೊಲಕ್ಕೆ ನುಗ್ಗುವಷ್ಟಾದರೂ ಬೆಳೆ ಉಳಿಯದು. ಇಂಥ ಏರಿ ಇಳಿಯುವ ಸಂಬಂಧವನ್ನು, ಮೊದಲೇ ಆಕಾರವನ್ನು ನಿಗದಿಪಡಿಸದೆ, ಅಂಕಿಗಳ ನೆರೆಹೊರೆಯನ್ನು ತುಸು ತುಸುವಾಗಿ ನೋಡುತ್ತ ವಕ್ರರೇಖೆಯಾಗಿ ಎಳೆಯುವ ಲೋಯೆಸ್ ಎಂಬ ವಿಧಾನ ಆರ್‌ನ ಮೂಲದಲ್ಲಿಯೇ ಇದೆ. ಬಿತ್ತನೆಯಾಯಿತೇ ಇಲ್ಲವೇ ಎಂಬಂಥ ಎರಡೇ ಉತ್ತರದ ಪ್ರಶ್ನೆಗೆ ಲಾಜಿಸ್ಟಿಕ್ ಮಾದರಿಯನ್ನು ಬಳಸಿ, ಅದರಲ್ಲಿ ಹಸ್ತ ಮಳೆಯ ಪಾತ್ರ ನಿಜವೋ ಆಕಸ್ಮಿಕವೋ ಎಂದು ತೂಗುವಾಗ, ಪರೀಕ್ಷೆಯ ಹೆಸರಿನ ಜಾಗದಲ್ಲಿ ರಾವ್ ಎಂದು ಬರೆಯಲು ಆರ್ ಅವಕಾಶ ಕೊಡುತ್ತದೆ. ಅದು ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1948ರಲ್ಲಿ ಮಂಡಿಸಿದ ಸ್ಕೋರ್ ಪರೀಕ್ಷೆ.

ಲೋಯೆಸ್ ವಿಧಾನವನ್ನು ರೂಪಿಸಿದ ಬೆಲ್ ಪ್ರಯೋಗಾಲಯದ ವಿಲಿಯಂ ಕ್ಲೀವ್‌ಲ್ಯಾಂಡ್ ಅವರದೇ ಇನ್ನೊಂದು ಕೆಲಸ, ಕೃಷಿ ಸಂಶೋಧನೆಯಲ್ಲಿ ತೊಡಗಿದ ಪ್ರತಿಯೊಬ್ಬರೂ ಒಮ್ಮೆ ಬಿಡಿಸಿ ನೋಡಬೇಕಾದುದು. ಅಮೆರಿಕದ ಮಿನೆಸೋಟಾ ರಾಜ್ಯದ ಆರು ಕೇಂದ್ರಗಳಲ್ಲಿ ಬಾರ್ಲಿಯ ಹತ್ತು ತಳಿಗಳನ್ನು 1931 ಮತ್ತು 1932ರಲ್ಲಿ ಬೆಳೆದು ಪಡೆದ 120 ಇಳುವರಿಯ ಅಂಕಿಗಳು ದಶಕಗಳ ಕಾಲ ಪಾಠದ ಉದಾಹರಣೆಯಾಗಿ ಬಳಕೆಯಲ್ಲಿದ್ದವು. ಕ್ಲೀವ್‌ಲ್ಯಾಂಡ್ ಅವನ್ನು ಕೇಂದ್ರಕ್ಕೊಂದು ಚೌಕದಂತೆ ಆರು ಚೌಕಗಳಲ್ಲಿ, ಒಂದೇ ಅಳತೆಗೋಲಿನ ಮೇಲೆ, ಎರಡು ವರ್ಷಗಳನ್ನು ಎರಡು ಗುರುತುಗಳಿಂದ ತೋರಿಸಿದಾಗ, ಐದು ಕೇಂದ್ರಗಳಲ್ಲಿ 1931ರ ಇಳುವರಿ ಮೇಲಾಗಿದ್ದು, ಮೋರಿಸ್ ಎಂಬ ಒಂದೇ ಕೇಂದ್ರದಲ್ಲಿ 1932ರದು ಮೇಲಾಗಿದ್ದುದು ಕಣ್ಣಿಗೆ ಬಿತ್ತು. ಆ ಕೇಂದ್ರದ ಎರಡು ವರ್ಷಗಳ ಅಂಕಿಗಳು ಅದಲುಬದಲಾಗಿರಬೇಕು ಎಂಬ ವಾದವನ್ನು ಅವರು 1993ರ ತಮ್ಮ ಪುಸ್ತಕದಲ್ಲಿ ಮುಂದಿಟ್ಟರು. ಈ ಬಗೆಯ ಚಿತ್ರವನ್ನು ಆರ್ ಬಳಸುವವರೆಲ್ಲರ ಕೈಗೆಟುಕುವಂತೆ ಮಾಡಿದ ಲ್ಯಾಟಿಸ್ ಪ್ಯಾಕೇಜಿನ ಕರ್ತೃ ದೀಪಾಯನ ಸರ್ಕಾರ್, ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಆರ್‌ನ ಮೂಲ ತಂಡದ ಸದಸ್ಯರು. ಬಾರ್ಲಿಯ ಅಂಕಿಗಳು ಆ ಪ್ಯಾಕೇಜಿನೊಡನೆಯೇ ಬರುತ್ತವೆ. ಕತೆ ಅಲ್ಲಿಗೆ ನಿಲ್ಲಲಿಲ್ಲ. ಕೆವಿನ್ ರೈಟ್ ಎಂಬ ಸಂಖ್ಯಾಶಾಸ್ತ್ರಜ್ಞರು ಹೆಚ್ಚಿನ ವರ್ಷಗಳ ದಾಖಲೆಗಳನ್ನು ಹುಡುಕಿ ಕೂಡಿಸಿ, ಮೋರಿಸ್‌ನ ಅಂಕಿಗಳು ಅಸಹಜವೇನಲ್ಲ, ಸ್ಥಳದಿಂದ ಸ್ಥಳಕ್ಕೆ ವರ್ಷದಿಂದ ವರ್ಷಕ್ಕೆ ಅಷ್ಟು ಏರುಪೇರು ಸಾಧ್ಯವೆಂದು 2013ರಲ್ಲಿ ತೋರಿಸಿದರು. ಹಳೆಯ ಕೃಷಿ ಪ್ರಯೋಗಗಳ ಅಂಕಿಗಳನ್ನು ಅಗ್ರಿಡ್ಯಾಟ್ ಎಂಬ ಪ್ಯಾಕೇಜಿನಲ್ಲಿ ಸಂಗ್ರಹಿಸಿಟ್ಟವರೂ ಅವರೇ. ಒಂದು ಶಂಕೆ ಏಳುವುದಕ್ಕೂ ಅದು ಪರಿಹಾರವಾಗುವುದಕ್ಕೂ ಅಂಕಿಗಳು ಮತ್ತು ವಿಧಾನ ಎಲ್ಲರ ಎದುರಿಗೆ ಇದ್ದುದೇ ಕಾರಣ. ಮಾಲದಂಡಿ ಜೋಳದ ತಳಿ ಪ್ರಯೋಗಗಳ, ಇಂಡಿಯ ಲಿಂಬೆ ತೋಟಗಳ ಇಳುವರಿಯ ಅಂಕಿಗಳು ಪ್ರಬಂಧದ ಸರಾಸರಿಗಳ ಕೋಷ್ಟಕವಾಗಿ ಮಾತ್ರ ಉಳಿಯದೆ, ತಾಕು ತಾಕಿನ ಲೆಕ್ಕವಾಗಿ ಹೀಗೆ ತೆರೆದಿದ್ದರೆ ಈ ಸೀಮೆಯ ವ್ಯವಸಾಯಕ್ಕೆ ಆಗಬಹುದಾದ ಉಪಕಾರ ಬಹಳ ದೊಡ್ಡದು.

ಮುಕ್ತವಾದುದೆಲ್ಲ ನಿರ್ದೋಷವೆಂದು ತಿಳಿಯಬಾರದು. ಕ್ರ್ಯಾನ್ ಭಂಡಾರಕ್ಕೆ ಸೇರುವ ಪ್ಯಾಕೇಜು ಹಲವು ಬಗೆಯ ಗಣಕಗಳಲ್ಲಿ ದೋಷವಿಲ್ಲದೆ ಓಡುತ್ತದೆಯೇ, ವಿವರಣೆ ಸರಿಯಾಗಿದೆಯೇ ಎಂಬ ತಪಾಸಣೆ ಕಟ್ಟುನಿಟ್ಟಾಗಿ ನಡೆಯುತ್ತದೆ. ಒಳಗಿನ ಸಂಖ್ಯಾಶಾಸ್ತ್ರ ಸರಿಯೇ ಎಂಬುದಕ್ಕೆ ಭಂಡಾರ ಹೊಣೆಯಲ್ಲ. ಆರ್‌ನ ಮೂಲದಲ್ಲಿಯೂ ದೋಷವಿತ್ತು: ಬಹಳ ದೊಡ್ಡ ಪಟ್ಟಿಯಿಂದ ಯಾದೃಚ್ಛಿಕವಾಗಿ, ಅಂದರೆ ಪ್ರತಿಯೊಂದಕ್ಕೂ ಸಮಾನ ಅವಕಾಶವಿರುವಂತೆ, ಕೆಲವನ್ನು ಆರಿಸುವ ಸ್ಯಾಂಪಲ್ ಫಂಕ್ಷನ್ ಆ ಸಮಾನತೆಯನ್ನು ಪೂರ್ಣವಾಗಿ ಪಾಲಿಸುತ್ತಿರಲಿಲ್ಲ ಎಂಬುದನ್ನು ತಂಡದ ಹೊರಗಿನ ವಿದ್ವಾಂಸರು ಆಕರ ಸಂಕೇತವನ್ನು ಓದಿ ತೋರಿಸಿಕೊಟ್ಟ ಮೇಲೆ, 2019ರ 3.6.0 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಆ ತಿದ್ದುಪಡಿಯ ಫಲವಾಗಿ, ಸಮೀಕ್ಷೆಗೆ ಹಳ್ಳಿಗಳನ್ನು ಆರಿಸುವಾಗ ಅದೇ ಬೀಜಸಂಖ್ಯೆಯನ್ನು, ಅಂದರೆ ಆಯ್ಕೆಯ ಲೆಕ್ಕ ಆರಂಭವಾಗುವ ಸಂಖ್ಯೆಯನ್ನು, ಕೊಟ್ಟರೂ ಹಳೆಯ ಆವೃತ್ತಿ ಆರಿಸುವ ಹಳ್ಳಿಗಳೇ ಬೇರೆ, ಹೊಸದು ಆರಿಸುವ ಹಳ್ಳಿಗಳೇ ಬೇರೆ. ಆದುದರಿಂದ ಸಮೀಕ್ಷೆಯ ವರದಿಯಲ್ಲಿ ತಂತ್ರಾಂಶದ ಆವೃತ್ತಿಯನ್ನು ನಮೂದಿಸುವುದು ಔಪಚಾರಿಕತೆಯಲ್ಲ, ಲೆಕ್ಕದ ಅಂಗವೇ ಆಗಿದೆ.

ಇಷ್ಟು ದೊಡ್ಡ ಭಂಡಾರವನ್ನು ನಡೆಸುವವರು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಅಧ್ಯಾಪಕರು ಮತ್ತು ಸ್ವಯಂಸೇವಕರು, ಆದುದರಿಂದ ಅದು ಎಷ್ಟು ಕಾಲ ಉಳಿದೀತು ಎಂಬ ಪ್ರಶ್ನೆ ಸಹಜ. ಈ ಪ್ರಶ್ನೆಯನ್ನು ಇಂಡಿ ಸೀಮೆಯ ಸಾಲೋಟಗಿ ಸಾವಿರ ವರ್ಷಗಳ ಹಿಂದೆಯೇ ಎದುರಿಸಿತ್ತು. ಆಗ ಪಾವಿಟ್ಟಗೆ ಎನಿಸಿದ್ದ ಈ ಊರಿನಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದು ಕ್ರಿ.ಶ. 945ರ ಕಂಬದ ಶಾಸನ ಹೇಳುತ್ತದೆ. ಅವರ ವಾಸಕ್ಕೆ 27 ಮನೆಗಳು, ದೀಪದ ವೆಚ್ಚಕ್ಕೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ದತ್ತಿಯಾದವಲ್ಲದೆ, ಊರಿನ ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಶಾಲೆಗೆ ಸಲ್ಲಬೇಕಾದ ಕಾಣಿಕೆಯೂ ಗೊತ್ತಾಗಿತ್ತು. ಅಧ್ಯಾಪಕನ ಜೀವನಕ್ಕೆ ಮಾತ್ರವಲ್ಲದೆ ರಾತ್ರಿಯ ದೀಪಕ್ಕೂ ಪ್ರತ್ಯೇಕವಾಗಿ ಭೂಮಿಯನ್ನು ತೆಗೆದಿಟ್ಟ ಆ ವಿವೇಕ ಇಂದಿನ ಮುಕ್ತ ತಂತ್ರಾಂಶದ ಲೋಕಕ್ಕೆ ಇನ್ನೂ ಪೂರ್ತಿ ದಕ್ಕಿಲ್ಲ. ಹೊಸ ಪ್ಯಾಕೇಜು ಬರೆಯುವುದಕ್ಕೆ ದೊರೆಯುವ ಮನ್ನಣೆ ಹಳೆಯದನ್ನು ವರ್ಷವರ್ಷವೂ ಕಾಪಾಡುವುದಕ್ಕೆ ದೊರೆಯುವುದಿಲ್ಲ.

ಉಳಿದ ತಂತ್ರಾಂಶಗಳ ಬಗೆಗೆ ಇಲ್ಲಿ ಕೆಲವೇ ಮಾತು ಸಾಕು. ವೆಸ್ ಮೆಕಿನ್ನಿ 2008ರಲ್ಲಿ ಆರಂಭಿಸಿದ, ಪೈಥಾನ್ ಭಾಷೆಯ ಪಾಂಡಾಸ್ ದೊಡ್ಡ ಕೋಷ್ಟಕಗಳನ್ನು ಸೇರಿಸುವ, ಬೇರ್ಪಡಿಸುವ ಕೆಲಸದಲ್ಲಿ ಬಹಳ ಸಮರ್ಥವಾಗಿದೆ, ಉದ್ಯೋಗ ಅರಸುವ ವಿದ್ಯಾರ್ಥಿ ಅದನ್ನು ಕಲಿಯಲೇಬೇಕು; ಸಂಕೇತ ಬರೆಯಲು ಅಂಜುವವರಿಗೆ ಪಿಎಸ್‌ಪಿಪಿ ಮತ್ತು ಜಮೋವಿ ಮೆನುಗಳ ಮೂಲಕ ದಾರಿ ಮಾಡಿಕೊಡುತ್ತವೆ. ಪ್ರಯೋಗಗಳ ವಿನ್ಯಾಸ ಮತ್ತು ವಿಶ್ಲೇಷಣೆಗೆ ಮಾತ್ರ ಆರ್‌ಗೆ ಸಮನಾದುದು ಇನ್ನೂ ಇಲ್ಲವೆಂಬುದು ಈ ಅಂಕಣದ ಅಭಿಪ್ರಾಯ.

ಕನ್ನಡದ ಮಟ್ಟಿಗೆ ಪರಿಸ್ಥಿತಿ ಈಚೆಗೆ ಸುಧಾರಿಸಿದೆ. ವಿಂಡೋಸ್ ಗಣಕದಲ್ಲಿ ಕನ್ನಡದ ಊರ ಹೆಸರುಗಳಿರುವ ಕೋಷ್ಟಕವನ್ನು ತೆರೆದರೆ ಅಕ್ಷರಗಳ ಜಾಗದಲ್ಲಿ ಕೋನಾವರಣದೊಳಗಿನ ಯೂನಿಕೋಡ್ ಸಂಖ್ಯೆಗಳು ಕಾಣುತ್ತಿದ್ದ ತೊಂದರೆ, 2022ರ 4.2.0 ಆವೃತ್ತಿ ಯುಟಿಎಫ್-8 ಸಂಕೇತ ಕ್ರಮವನ್ನು ಅಲ್ಲಿಯೂ ಅಳವಡಿಸಿಕೊಂಡ ಮೇಲೆ ಬಹುಪಾಲು ನಿವಾರಣೆಯಾಯಿತು. ನಕ್ಷೆಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಮೂಡುವ ಸಮಸ್ಯೆಗೆ ರ‍್ಯಾಗ್ ಎಂಬ ಪ್ಯಾಕೇಜು ಪರಿಹಾರ ಒದಗಿಸುತ್ತದೆ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ತುಂಬಿದ ಕಡತಗಳನ್ನು ಮಾತ್ರ ಮೊದಲು ಪರಿವರ್ತಿಸಿಕೊಳ್ಳದೆ ಗತಿಯಿಲ್ಲ. ಇನ್ನು ಆರ್ ಬಳಕೆದಾರರಿಗೆ ತೋರಿಸುವ ಎಚ್ಚರಿಕೆಗಳೂ ದೋಷಸೂಚನೆಗಳೂ ಆಕರ ಸಂಕೇತದಿಂದ ಬೇರೆಯಾಗಿ, ಅನುವಾದದ ಕಡತಗಳಲ್ಲಿ ಇರುವುದರಿಂದ, ಅವನ್ನು ಯಾವ ಭಾಷೆಗಾದರೂ ತರುವುದು ಸಾಧ್ಯ. ಇದಕ್ಕೆ ಗಣಕ ಪಾಂಡಿತ್ಯಕ್ಕಿಂತ ಸಂಖ್ಯಾಶಾಸ್ತ್ರದ ಪಾಠವನ್ನು ಕನ್ನಡದಲ್ಲಿ ಹೇಳಿ ಅನುಭವವಿರುವ ಅಧ್ಯಾಪಕರು ಬೇಕು. ಎಲ್ಲವನ್ನೂ ಒಮ್ಮೆಲೇ ಕೈಗೆತ್ತಿಕೊಳ್ಳುವ ಬದಲು, ವಿದ್ಯಾರ್ಥಿಗಳಿಗೆ ಮೊದಲ ತಿಂಗಳಲ್ಲಿಯೇ ಎದುರಾಗುವ ಸೂಚನೆಗಳಿಂದ, ಅಂದರೆ ಕಡತ ಸಿಗಲಿಲ್ಲ, ಕಂಬಸಾಲುಗಳ ಉದ್ದ ಹೊಂದುತ್ತಿಲ್ಲ, ಅಕ್ಷರವನ್ನು ಸಂಖ್ಯೆಯಾಗಿ ಬದಲಿಸುವಾಗ ಎನ್ಎ ಹುಟ್ಟಿತು ಎಂಬಂಥವುಗಳಿಂದ, ಆ ಕೆಲಸವನ್ನು ಆರಂಭಿಸುವುದು ಉಚಿತ.