ಟಿ ಕಣಗಳ ಮನೆಯಲ್ಲಿ ಬಿ ಕಣ

ಅಕ್ಕನ ಮಗಳ ಬಯಾಪ್ಸಿ ವರದಿ ಬಂದ ದಿನ ಅಕ್ಕ ಹುಬ್ಬಳ್ಳಿಯಿಂದ ಪುಣೆಯ ಬಿಬವೇವಾಡಿಯ ನಮ್ಮ ಮನೆಗೆ ಬಂದಿದ್ದಳು. ಅವಳು ಕೇಳಿದ್ದು ಒಂದೇ ಮಾತು: 'ಎಲ್ಲಿಂದ ಬಂತೋ ತಮ್ಮಾ ಇದು?' ಎರಡು ಶ್ವಾಸಕೋಶಗಳ ನಡುವೆ ಬೆಳೆದ ಗಡ್ಡೆ ಲಿಂಫೋಮಾ ಆಗಿತ್ತು, ಅಂದರೆ ಟಿ, ಬಿ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಒಬ್ಬ ವೈದ್ಯರು ಅದನ್ನು ಟಿಬಿ ಎಂದುಕೊಂಡು, ಚೂರು ತೆಗೆದು ನೋಡದೆಯೇ ಎರಡು ತಿಂಗಳು ಮಾತ್ರೆ ನುಂಗಿಸಿದ್ದರು.

ಅಕ್ಕನ ಪ್ರಶ್ನೆಯನ್ನೇ ರೋಗಶಾಸ್ತ್ರಜ್ಞರಾದ ಅಡಿಸ್ ಮತ್ತು ಐಸಾಕ್ಸನ್ 1986ರಲ್ಲಿ 'ಹಿಸ್ಟೋಪೆಥಾಲಜಿ' ಪತ್ರಿಕೆಯ ಲೇಖನದಲ್ಲಿ ಎತ್ತಿಕೊಂಡಿದ್ದರು. ಎದೆಯ ನಡುವಿನ ಈ ದೊಡ್ಡ ಕಣದ ಲಿಂಫೋಮಾ ಬಿ ಕಣದ್ದು, ಹುಟ್ಟಿದ್ದು ಬಹುಶಃ ಎದೆಮೂಳೆಯ ಹಿಂದಿನ ಗ್ರಂಥಿಯಾದ ಥೈಮಸ್‌ನಲ್ಲಿ ಎಂಬುದು ಅವರ ವಾದ. ಆಗ ಇದನ್ನು ಹೇಳಲು ಧೈರ್ಯ ಬೇಕಿತ್ತು. ಟಿ ಕಣಕ್ಕೆ ಆ ಹೆಸರು ಬಂದದ್ದೇ ಥೈಮಸ್‌ನಿಂದ. ಅದು ಟಿ ಕಣಗಳು ಪಳಗುವ ಮನೆ. ಅಲ್ಲಿ ಬಿ ಕಣಕ್ಕೇನು ಕೆಲಸ? ಮರುವರ್ಷವೇ ಐಸಾಕ್ಸನ್, ನಾರ್ಟನ್ ಮತ್ತು ಅಡಿಸ್ ರೋಗವಿಲ್ಲದ ಥೈಮಸ್‌ನಲ್ಲೂ ಬಿ ಕಣಗಳ ಒಂದು ಪ್ರತ್ಯೇಕ ಗುಂಪಿದೆಯೆಂದು 'ಲ್ಯಾನ್ಸೆಟ್'ನಲ್ಲಿ ತೋರಿಸಿದರು. ಊಹೆಯನ್ನು ಮೊದಲು ಊಹೆಯೆಂದೇ ಹೇಳಿ, ಆಮೇಲೆ ಅದಕ್ಕೆ ಆಧಾರ ಹುಡುಕಿದ ಈ ಕ್ರಮದ ಬಗ್ಗೆ ನನಗೆ ತುಂಬ ಗೌರವ.

ಆದರೂ ವಾದದಲ್ಲಿ ಒಂದು ಬಿರುಕಿದೆ. ಒಂದು ಮನೆಯಲ್ಲಿ ಸಿಕ್ಕವನು ಆ ಮನೆಯಲ್ಲೇ ಹುಟ್ಟಿದನೆಂದು ಹೇಳಲಾಗದು. ಈ ಲಿಂಫೋಮಾದ ಕಣಗಳ ಪ್ರತಿಕಾಯ ಜೀನ್‌ಗಳಲ್ಲಿ ತಿದ್ದುಪಡಿಯ ಗುರುತುಗಳಿವೆ. ದುಗ್ಧಗ್ರಂಥಿಯ ಮೊಳಕೆ ಕೇಂದ್ರಗಳಲ್ಲಿ ಬಿ ಕಣಗಳಿಗೆ ಬೀಳುವಂಥ ಗುರುತುಗಳವು. ಸಾಲದ್ದಕ್ಕೆ, ಎದೆಯಲ್ಲಿ ಗಡ್ಡೆಯೇ ಇಲ್ಲದ ಕೆಲವರ ದುಗ್ಧಗ್ರಂಥಿಯ ಲಿಂಫೋಮಾಗಳಲ್ಲೂ ಇದರದ್ದೇ ಜೀನ್ ಚಟುವಟಿಕೆಯ ಚಿತ್ರ ಕಂಡಿದೆ. ಹಾಗಾಗಿ 'ಎದೆಯ ನಡುವಿನದು' ಎಂದು ಜಾಗದ ಮೇಲೆ ಇಟ್ಟ ಹೆಸರು ಅಷ್ಟು ಗಟ್ಟಿಯಲ್ಲ.

2003ರಲ್ಲಿ ರೋಸೆನ್‌ವಾಲ್ಡ್ ಮತ್ತು ಸ್ಯಾವೇಜ್ ತಂಡಗಳು ಬೇರೆಬೇರೆಯಾಗಿ ಜೀನ್‌ಗಳ ಚಟುವಟಿಕೆಯನ್ನು ಓದಿದಾಗ ಈ ಲಿಂಫೋಮಾ ಹಾಡ್ಜ್‌ಕಿನ್ ಕಾಯಿಲೆಗೆ ಹತ್ತಿರದ ನೆಂಟನೆಂದು ಕಂಡಿತು. ಸೂಕ್ಷ್ಮದರ್ಶಕದಲ್ಲಿ ಉಳಿದ ದೊಡ್ಡ ಬಿ ಕಣದ ಲಿಂಫೋಮಾಗಳಂತೆ ಕಾಣುವ ಇದರ ಒಳಗಿನ ನಡೆ ಬೇರೆಯೇ ಆಗಿತ್ತು.

ಇಷ್ಟೆಲ್ಲ ಕೆದಕಿ ರೋಗಿಗೇನು ಲಾಭ? ನಾನ್‌-ಹಾಡ್ಜ್‌ಕಿನ್ ಲಿಂಫೋಮಾಗಳಲ್ಲಿ ಇದರ ಪಾಲು ಶೇ 2ರಿಂದ 3. ಹೆಚ್ಚಾಗಿ ಮೂವತ್ತರ ಆಸುಪಾಸಿನ ಹೆಂಗಸರಿಗೆ ಬರುತ್ತದೆ. ಆ ವಯಸ್ಸಿನವರ ಎದೆಗೆ ವಿಕಿರಣ ಕೊಟ್ಟರೆ ಮುಂದೆ ಸ್ತನದ ಕ್ಯಾನ್ಸರ್, ಹೃದಯದ ತೊಂದರೆಗಳ ಭಯ. ಇದನ್ನು ಬೇರೆ ರೋಗವೆಂದೇ ಗುರುತಿಸಿದ್ದರಿಂದ ಡನ್‌ಲೀವಿ ತಂಡ 51 ರೋಗಿಗಳಿಗೆ ಡೋಸ್ ಹೊಂದಿಸುತ್ತ ಕೀಮೋ ಮತ್ತು ರಿಟುಕ್ಸಿಮ್ಯಾಬ್ ಕೊಟ್ಟು, ಬಹುತೇಕರನ್ನು ವಿಕಿರಣದಿಂದ ಉಳಿಸಿತು. 2013ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಐದು ವರ್ಷದ ಬದುಕುಳಿಕೆ ಶೇ 97. ಒಂದೇ ಗುಂಪಿನ ಸಣ್ಣ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪಿರಲಿಲ್ಲ. ಹಾಗಿದ್ದೂ ಆ ಅಂಕಿಯನ್ನು ನಾನು ಎಷ್ಟು ಸಲ ಓದಿದೆನೋ.

ನಮ್ಮ ಹುಡುಗಿಯ ಮೊದಲ ವರದಿಯಲ್ಲಿದ್ದದ್ದು 'ದೊಡ್ಡ ಬಿ ಕಣದ ಲಿಂಫೋಮಾ' ಎಂದಷ್ಟೆ. ಚೂರಿನ ಜೊತೆ ಕಳಿಸಿದ್ದ ಚೀಟಿಯಲ್ಲಿ ಅವಳ ವಯಸ್ಸಿರಲಿಲ್ಲ, ಗಡ್ಡೆ ಎಲ್ಲಿತ್ತೆಂದೂ ಬರೆದಿರಲಿಲ್ಲ. ಅದೇ ಮೇಣದ ಬ್ಲಾಕ್‌ನಿಂದ ಹೊಸ ಸ್ಲೈಡ್ ಕತ್ತರಿಸಿ ಸಿಡಿ23, ಸಿಡಿ30 ಎಂಬ ಗುರುತು ಪ್ರೋಟೀನ್ ತೋರಿಸುವ ಬಣ್ಣ ಹಾಕಿಸಿದ ಮೇಲೆ ಸರಿಯಾದ ಹೆಸರು ಬಂತು: ಎದೆಯ ನಡುವಿನ ದೊಡ್ಡ ಬಿ ಕಣದ ಲಿಂಫೋಮಾ. ಎದೆಯ ಗಡ್ಡೆಯ ಚೂರು ಕಳಿಸುವವರು ಆ ಎರಡು ಸಾಲು ಬರೆಯಲೇಬೇಕು.

ಆ ಸಂಜೆ ಅಕ್ಕನಿಗೆ ನನ್ನ ಎದೆಮೂಳೆಯ ಮೇಲೆ ಬೆರಳಿಟ್ಟು ತೋರಿಸಿದೆ: 'ಇಲ್ಲಿಂದ ಅಕ್ಕಾ, ಬಹುಶಃ.'