ಕೆಮ್ಮಣ್ಣು, ನೀಲಿ ಬಳಿದ ವಠಾರದ ಗೋಡೆ

ಡಬ್ಲಿನ್ ನಗರದ ಹೆನ್ರಿಯೆಟ್ಟಾ ಬೀದಿಯ 14ನೇ ನಂಬರಿನ ಮನೆಯನ್ನು ವಸ್ತುಸಂಗ್ರಹಾಲಯ ಮಾಡಲು ಹೊರಟವರಿಗೆ ಒಂದು ಸುಲಭದ ದಾರಿಯಿತ್ತು. ಲೂಕ್ ಗಾರ್ಡಿನರ್ ಎಂಬಾತ 1740ರ ದಶಕದ ಕೊನೆಯಲ್ಲಿ ಕಟ್ಟಿಸಲು ಹಿಡಿದ ಸಿರಿವಂತರ ಮನೆ ಅದು. ಮೊದಲು ವಾಸಕ್ಕೆ ಬಂದವನು ವೈಕೌಂಟ್ ಮೋಲ್ಸ್‌ವರ್ತ್. ಗೋಡೆಗಳನ್ನು ಕೆರೆದು, ಹೊಸ ಬಣ್ಣ ಹೊಡೆದು, ಒಳ್ಳೆಯ ಕುರ್ಚಿ-ಮೇಜು ಜೋಡಿಸಿ ಆ ಪ್ರಭುವಿನ ಕಾಲವನ್ನು ಮರಳಿ ತಂದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಡಬ್ಲಿನ್ ನಗರಸಭೆ ಹಾಗೆ ಮಾಡಲಿಲ್ಲ. ವರ್ಷಗಟ್ಟಲೆ ದುರಸ್ತಿ ನಡೆಸಿ 2018ರಲ್ಲಿ ಬಾಗಿಲು ತೆರೆದಾಗ, ಪ್ರಭುಗಳೆಲ್ಲ ಹೋದಮೇಲೆ ನೂರು ವರ್ಷ ಅಲ್ಲಿ ಬಾಡಿಗೆಗಿದ್ದ ದುಡಿಯುವ ಜನರ ಗುರುತುಗಳೂ ಗೋಡೆಯ ಮೇಲೆ ಉಳಿದಿದ್ದವು. ಮನೆಯೊಂದನ್ನು ಮ್ಯೂಸಿಯಂ ಮಾಡುವ ಕೆಲಸದಲ್ಲಿ ಇಷ್ಟು ಪ್ರಾಮಾಣಿಕ ತೀರ್ಮಾನ ಅಪರೂಪ.

ಸಿರಿವಂತರ ಮನೆ ವಠಾರವಾಗಲು ರಾಜಕೀಯವೇ ಕಾರಣ. 1801ರಲ್ಲಿ ಐರ್ಲೆಂಡ್ ಬ್ರಿಟನ್ನಿನೊಂದಿಗೆ ಒಂದಾಗಿ, ಡಬ್ಲಿನ್ನಿನ ಪಾರ್ಲಿಮೆಂಟು ಇಲ್ಲವಾಯಿತು. ಅಧಿಕಾರವನ್ನು ಹಿಂಬಾಲಿಸಿ ಸಿರಿವಂತರು ಲಂಡನ್ನಿಗೆ ಹೊರಟರು. ಈ ಬೀದಿಗೆ ವಕೀಲರು ಬಂದರು, ಆಮೇಲೆ ಇದೇ ಮನೆಗೆ ನ್ಯಾಯಾಲಯವೊಂದು ಬಂತು, ಸೈನಿಕರೂ ಬಂದು ಹೋದರು. 1877ರಲ್ಲಿ ಥಾಮಸ್ ವ್ಯಾನ್ಸ್ ಎಂಬ ಮಾಲೀಕ ಮುಂಭಾಗದ ಭವ್ಯ ಮೆಟ್ಟಿಲನ್ನೇ ಕಿತ್ತುಹಾಕಿ, ಆ ಜಾಗದಲ್ಲೂ ಕೋಣೆ ಎಬ್ಬಿಸಿ, ಇಡೀ ಮನೆಯನ್ನು ಬಾಡಿಗೆ ಬಿಡಾರಗಳಾಗಿ ಹಂಚಿದ. ಪ್ರಭು ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದ ಹಜಾರಗಳಲ್ಲಿ ಅಡ್ಡಗೋಡೆಗಳು ಎದ್ದವು. 1911ರ ಜನಗಣತಿಯಲ್ಲಿ ಈ ಒಂದೇ ಮನೆಯಲ್ಲಿ 100 ಜನರ ಲೆಕ್ಕ ಸಿಗುತ್ತದೆ. ಆ ಪುಟ್ಟ ಬೀದಿಯಲ್ಲಿ 850ಕ್ಕೂ ಹೆಚ್ಚು. ಆ ಕಾಲಕ್ಕೆ ಡಬ್ಲಿನ್ನಿನ ವಠಾರಗಳಲ್ಲಿ ಸುಮಾರು 26,000 ಕುಟುಂಬಗಳಿದ್ದವು. ಅವುಗಳಲ್ಲಿ 20,000 ಕುಟುಂಬಗಳ ಅಡುಗೆ, ನಿದ್ದೆ, ಹೆರಿಗೆ, ಸಾವು ಎಲ್ಲ ಒಂದೇ ಕೋಣೆಯಲ್ಲಿ.

ಈ ಮನೆಯಲ್ಲಿ ನಿಂತು ನೋಡಬೇಕಾದದ್ದು ಎಲ್ಲರೂ ಹತ್ತಿಳಿಯುತ್ತಿದ್ದ ಮೆಟ್ಟಿಲ ಪಕ್ಕದ ಗೋಡೆ. ಅದಕ್ಕೆ ಕೆಂಪು, ನೀಲಿ ಎರಡೇ ಬಣ್ಣ. ಕೆಂಪು ಕಬ್ಬಿಣಾಂಶದ ಮಣ್ಣಿನಿಂದ ಬಂದದ್ದು, ನಮ್ಮ ಕೆಮ್ಮಣ್ಣಿನ ಬಳಗವೇ. ನೀಲಿ ಬಟ್ಟೆಗೆ ಹಾಕುವ ರೆಕಿಟ್ ಕಂಪನಿಯ ನೀಲಿ. ನಮ್ಮಲ್ಲಿ ರಾಬಿನ್ ಬ್ಲೂ ಹೆಸರಿನಲ್ಲಿ ಬಂದದ್ದೂ ಅದೇ ಕಂಪನಿಯ ಸರಕು. ಸುಣ್ಣಕ್ಕೆ ನೀಲಿ ಬೆರೆಸಿ ಗೋಡೆಗೆ ಬಳಿದ ಮನೆಗಳನ್ನು ಕಂಡವರಿಗೆ ಡಬ್ಲಿನ್ನಿನ ಈ ಗೋಡೆ ಪರಕೀಯವೆನಿಸುವುದಿಲ್ಲ. ಅಗ್ಗಕ್ಕೆ ಸಿಗುವ ಬಣ್ಣ, ಅದೂ ಪದರ ಪದರವಾಗಿ ಚಕ್ಕೆ ಎದ್ದಿದೆ. ಕೋಣೆಗಳಲ್ಲಿ ವಾಲ್‌ಪೇಪರಿನ ಚೂರುಗಳು, ನೆಲದ ಲಿನೋಲಿಯಂ ತುಂಡುಗಳು. ಬಾಡಿಗೆ ಕೋಣೆಯನ್ನೂ ತಮ್ಮದೆಂದು ಚೆಂದ ಮಾಡಿಕೊಂಡವರ ಆಸೆಗೆ ಇದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ. ಸಂರಕ್ಷಕರು ಗಾರೆಯ ಕುಸುರಿಗೆ ಕೊಟ್ಟಷ್ಟೇ ಗೌರವವನ್ನು ಈ ಚೂರುಗಳಿಗೂ ಕೊಟ್ಟಿದ್ದಾರೆ.

ಇದಕ್ಕೆ ಹೋಲಿಸಿದರೆ ನೆಲಮಾಳಿಗೆಯಲ್ಲಿ ಮರುಸೃಷ್ಟಿಸಿದ ಇಪ್ಪತ್ತನೇ ಶತಮಾನದ ಆರಂಭದ ಕೋಣೆ ನನಗೆ ಅಷ್ಟು ಹಿಡಿಸುವುದಿಲ್ಲ. ಅಲ್ಲಿ ಬಡತನವನ್ನು ಸಜ್ಜು ಮಾಡಿ ತೋರಿಸಲಾಗಿದೆ, ನೋಡುಗನಿಗೆ ಮರುಕಪಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಕೊನೆಗಾಲದ ಬಿಡಾರದ ಕೋಣೆ ಹಾಗಲ್ಲ. ಹಿಂದೆ ಇಲ್ಲಿ ಬಾಳಿದವರ ನೆನಪು, ಅವರು ಕೊಟ್ಟ ಸಾಮಾನುಗಳ ನೆರವಿನಿಂದ ಅದು ರೂಪುಗೊಂಡಿದೆ. ದೇವರ ಪಟ ಎಲ್ಲಿರಬೇಕು, ಪಾತ್ರೆ ಎಲ್ಲಿರಬೇಕು ಎಂದು ಹೇಳಬಲ್ಲವರು ಅವರೇ ತಾನೆ? ಕೊನೆಯ ಕುಟುಂಬಗಳು ಮನೆ ಬಿಟ್ಟದ್ದು 1970ರ ದಶಕದ ಕೊನೆಯಲ್ಲಿ. ಹಾಗಾಗಿ ಸಾಕ್ಷಿ ಹೇಳುವವರು ಸಿಕ್ಕರು, ಮ್ಯೂಸಿಯಂನವರು ಅವರ ಮಾತನ್ನು ಕೂತು ಕೇಳಿ ದಾಖಲಿಸಿಕೊಂಡರು.

ನನ್ನ ನಿಜವಾದ ತಕರಾರು ಬಾಡಿಗೆಯ ಕುರಿತು. ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಿದ್ದರು ಎಂಬುದು ನಮ್ಮ ಮನಸ್ಸಿಗೆ ನಾಟುವಷ್ಟು, ಅವರ ಬಾಡಿಗೆ ಯಾರ ಜೇಬಿಗೆ ಹೋಗುತ್ತಿತ್ತು ಎಂಬುದು ನಾಟುವುದಿಲ್ಲ. 1913ರ ಸೆಪ್ಟೆಂಬರಿನಲ್ಲಿ ಚರ್ಚ್ ಸ್ಟ್ರೀಟಿನ ವಠಾರ ಕುಸಿದು ಏಳು ಮಂದಿ ಸತ್ತರು. ಆಮೇಲೆ ನಡೆದ ವಿಚಾರಣೆಯಲ್ಲಿ ನಗರಸಭೆಯ ಸದಸ್ಯರಲ್ಲೇ ಹಲವರು ವಠಾರಗಳ ಮಾಲೀಕರೆಂಬುದು ಬಯಲಾಯಿತು. ಇಂದು ಈ ಮನೆಯನ್ನು ಉಳಿಸಿದ್ದು ಅದೇ ನಗರಸಭೆಯ ಪರಂಪರೆಯಲ್ಲಿ ಬಂದ ಸಂಸ್ಥೆ. ಆದ್ದರಿಂದಲೇ ಆ ಕಥೆಗೆ ಇಲ್ಲಿ ಒಂದು ಪೂರ್ತಿ ಕೋಣೆ ಸಲ್ಲಬೇಕು. ನೆರೆಹೊರೆಯವರ ಒಗ್ಗಟ್ಟಿನ ನೆನಪು ಬೆಚ್ಚಗಿನದು, ನಿಜವೂ ಹೌದು. ಆದರೆ ಮಾಲೀಕನ ಹೆಸರಿಲ್ಲದೆ ಅದನ್ನಷ್ಟೇ ಹೇಳಿದರೆ ಕಷ್ಟವೆಲ್ಲ ಹಣೆಬರಹವಾಗಿಬಿಡುತ್ತದೆ.

ಇನ್ನೊಂದು ಸಂಗತಿಯೂ ಕಾಡುತ್ತದೆ. ಪ್ರಭುವಿನ ಮನೆಯಾಗಿರದಿದ್ದರೆ ಇದು ಉಳಿಯುತ್ತಿತ್ತೇ? ಮೊದಲಿನಿಂದಲೂ ಬಡವರಿಗೆಂದೇ ಕಟ್ಟಿದ ಎಷ್ಟೋ ಮನೆಗಳು ನೆಲಸಮವಾದವು. ಅವಕ್ಕೆ ಕುಸುರಿಯ ಚಾವಣಿ ಇರಲಿಲ್ಲ.

ಇಷ್ಟೆಲ್ಲ ಹೇಳಿಯೂ, ಕೂಲಿಕಾರರ ಮನೆಯನ್ನು ಹೇಗೆ ಉಳಿಸಬೇಕೆಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಇದೇ ಮನೆಯನ್ನು. ಡಬ್ಲಿನ್ನಿನಲ್ಲಿ ಕೆಲಸಕ್ಕಿರುವ ಕನ್ನಡಿಗರು ಕಡಿಮೆಯಿಲ್ಲ. ಓಕಾನೆಲ್ ಬೀದಿಯಿಂದ ನಡೆದೇ ಹೋಗಬಹುದು. ಮಾರ್ಗದರ್ಶಿಯೊಂದಿಗೆ ಸಣ್ಣ ಗುಂಪಾಗಿ ಮಾತ್ರ ಪ್ರವೇಶ, ಆದ್ದರಿಂದ ಟಿಕೆಟ್ಟನ್ನು ಮೊದಲೇ ಕಾದಿರಿಸಿ. ಒಳಗೆ ಹೋದಾಗ ಬಾಡಿಗೆಯ ವಿಷಯ ಕೇಳಲು ಮರೆಯಬೇಡಿ.