ನಾದಕಾವ್ಯವೂ ಧ್ವನಿತತ್ತ್ವವೂ

ಫ್ರೆಂಚ್ ಕವಿ ಆನ್ರಿ ಶೋಪಾಂ (1922–2008) 1950ರ ದಶಕದಿಂದ ಟೇಪಿನ ಮೇಲೆ ರಚಿಸಿದ ಕೃತಿಗಳನ್ನು ಕನ್ನಡದಲ್ಲಿ ‘ಧ್ವನಿಕಾವ್ಯ’ವೆಂದು ಕರೆಯುವುದು ಸುಲಭ, ಆದರೆ ಸಾಧುವಲ್ಲ. ಆ ಶಬ್ದವು ಒಂಬತ್ತನೆಯ ಶತಮಾನದ ಆನಂದವರ್ಧನನಿಂದ ಮೊದಲ್ಗೊಂಡು ವ್ಯಂಗ್ಯಾರ್ಥಪ್ರಧಾನವಾದ ಕಾವ್ಯಕ್ಕೆ ಮೀಸಲಾಗಿದೆ. ಶೋಪಾಂನ ಪ್ರೌಢಕೃತಿಗಳಲ್ಲಿಯಾದರೋ ವಾಚ್ಯಾರ್ಥವೇ ಇಲ್ಲ. ಅವುಗಳನ್ನು ನಾದಕಾವ್ಯವೆನ್ನುವುದು ಯುಕ್ತ. ಅವು ಕಾವ್ಯವೇ ಅಹುದೋ ಅಲ್ಲವೋ ಎಂಬುದು ವಿಚಾರಣೀಯವಾದ ವಿಷಯ.

ಮೊದಮೊದಲು ಪದಗಳನ್ನು ಬಳಸಿದ ಶೋಪಾಂ ಕ್ರಮೇಣ ಅವುಗಳನ್ನು ತ್ಯಜಿಸಿ ಉಸಿರು, ತುಟಿಯ ಸಪ್ಪಳ, ಗಂಟಲಿನ ಘರ್ಘರ ಇವುಗಳನ್ನೇ ಸಾಮಗ್ರಿಯನ್ನಾಗಿ ಮಾಡಿಕೊಂಡನು. ಮೈಕ್ರೋಫೋನನ್ನು ಬಾಯೊಳಗೇ ಇರಿಸಿ ಅವನ್ನು ಮುದ್ರಿಸಿದನು. ಟೇಪಿನ ವೇಗವನ್ನು ಹೆಚ್ಚುಕಡಮೆ ಮಾಡಿದನು. ಹಳೆಯ ಮುದ್ರಣವನ್ನು ಅಳಿಸುವ ಯಂತ್ರಭಾಗಕ್ಕೆ ಬೆಂಕಿಕಡ್ಡಿಯನ್ನು ಅಡ್ಡವಿಟ್ಟು ನಾದದ ಮೇಲೆ ನಾದವನ್ನು ಕೂಡಿಸಿದನು. 1964ರಿಂದ 1974ರವರೆಗೆ ಆತನು ಹೊರಡಿಸಿದ ‘ಊ’ ಎಂಬ ಪತ್ರಿಕೆಯು ಪುಟಗಳೊಡನೆ ಧ್ವನಿಮುದ್ರಿಕೆಗಳನ್ನೂ ಒಳಗೊಂಡಿತ್ತು. ಟೇಪು ಇಲ್ಲಿ ಸಂಗ್ರಹಸಾಧನವಲ್ಲ, ರಚನಾಸಾಧನ.

ಶಬ್ದಾರ್ಥಗಳ ಸಹಿತತ್ವವೇ ಕಾವ್ಯವೆಂಬ ಭಾಮಹನ ಲಕ್ಷಣವು ಇವುಗಳಿಗೆ ಹೊಂದದು. ಆದರೆ ಆನಂದವರ್ಧನನ ಮತವು ಇನ್ನಷ್ಟು ಉದಾರವಾಗಿದೆ. ಕಿವಿಗೆ ಕೇಳುವ ವರ್ಣಗಳನ್ನು ಧ್ವನಿಯೆನ್ನುತ್ತಿದ್ದ ವೈಯಾಕರಣರಿಂದಲೇ ಆತನು ಆ ಸಂಜ್ಞೆಯನ್ನು ಪಡೆದನು. ವಾಚಕವಲ್ಲದ ಗೀತಶಬ್ದದಿಂದಲೂ ರಸವು ವ್ಯಕ್ತವಾಗುವುದೆಂದು ಒಪ್ಪಿದನು. ಈ ನೆಲೆಯಿಂದ ನೋಡಿದರೆ ಶೋಪಾಂನ ನಾದಕ್ಕೆ ವ್ಯಂಜಕಶಕ್ತಿಯನ್ನು ನಿರಾಕರಿಸಲಾಗದು. ಆದರೂ ವ್ಯಂಜಕವಾದುದೆಲ್ಲವೂ ಕಾವ್ಯವಲ್ಲ. ಹಾಗಾದರೆ ವೀಣೆಯ ನಾದವನ್ನೂ ಕಾವ್ಯವೆನ್ನಬೇಕಾದೀತು.

ಇದಕ್ಕೆ ಪ್ರತಿಯಾದ ನಿದರ್ಶನವು ಕನ್ನಡದಲ್ಲಿಯೇ ಇದೆ. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಶೋಪಾಂ ಅರ್ಥವನ್ನು ಬಿಟ್ಟು ಕಂಠವನ್ನು ಉಳಿಸಿದನು; ಅಚ್ಚಾದ ಹಾಡು ಕಂಠವನ್ನು ಬಿಟ್ಟು ಅರ್ಥವನ್ನು ಉಳಿಸಿತು. ಹಾಗೆ ಉಳಿದುದು ಕಾವ್ಯವೆಂಬುದರಲ್ಲಿ ಸಂಶಯವಿಲ್ಲ, ಪೂರ್ಣವೆಂಬುದರಲ್ಲಿ ಸಂಶಯವಿದೆ. ತ್ರಿಪದಿಯು ಅಂಶಛಂದಸ್ಸು, ಅಕ್ಷರಗಳನ್ನು ಎಳೆದು ಹಾಡಿದಲ್ಲದೆ ಅದರ ಗಣಗಳು ಸಮವಾಗವು. ಸಾಲಿನ ಪುನರಾವೃತ್ತಿಯೂ ಬೀಸುವ ಕಲ್ಲಿನ ಸದ್ದೂ ಪುಟದ ಮೇಲೆ ಬಾರವು.

ಆದುದರಿಂದ ಶೋಪಾಂನ ಕೃತಿಗಳು ಕಾವ್ಯದ ಗಡಿಯಾಚೆಯವಾದರೂ ಕಾವ್ಯವಿಮರ್ಶೆಗೆ ಉಪಕಾರಕಗಳು. ಅಚ್ಚಿನಲ್ಲಿ ಲೋಪವಾಗುವ ಅಂಶವೊಂದೇ ಅವುಗಳಲ್ಲಿ ಬೇರ್ಪಟ್ಟು ಕೇಳಿಸುತ್ತದೆ. ಆ ಅಂಶವನ್ನು ಗಮನಿಸದೆ ತ್ರಿಪದಿಗೆ ಪ್ರಸ್ತಾರ ಹಾಕಿ ತೃಪ್ತವಾಗುವ ಬೋಧನೆಯು ಹಾಡಿನ ಅರ್ಧವನ್ನು ಮಾತ್ರ ಬೋಧಿಸಿದಂತೆ. ತರಗತಿಯಲ್ಲಿ ಗರತಿಯ ಹಾಡನ್ನು ಓದಿಸುವುದಕ್ಕೆ ಮುನ್ನ ಕೇಳಿಸುವುದು ಅವಶ್ಯವೆಂಬುದೇ ಈ ವಿಚಾರದ ಫಲಿತಾರ್ಥ.